ಆಪ್ತಸಲಹೆ ಪ್ರಕರಣ: ಕೋಣೆ ಜರ್ಮನಿಯಲ್ಲಿ, ಗಡಿಯಾರ ದಾವಣಗೆರೆಯಲ್ಲಿ

(ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.)

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರ ಮನೆಯ 24ರ ಯುವಕ. ದಾವಣಗೆರೆಯಲ್ಲಿ ಬಿಇ ಮೆಕ್ಯಾನಿಕಲ್ ಮುಗಿಸಿ, ಶಿಕ್ಷಣ ಸಾಲ ತೆಗೆದು, ಎಂಎಸ್ ಮಾಡಲು ಅಕ್ಟೋಬರ್‌ನಲ್ಲಿ ಜರ್ಮನಿಗೆ ಹೋದವನು. ಡಿಸೆಂಬರ್‌ನಲ್ಲಿ ಮೊದಲು ಬಂದದ್ದು ತಾಯಿ. "ಊಟ ಆತಾ ಅಂದ್ರೆ ಆತು ಅಂತಾನೆ, ಮುಂದಕ್ಕೆ ಮಾತೇ ಇಲ್ಲ ಮೇಡಂ. ವಾಪಸ್ ಕರೆಸ್ಕೊಂಬಿಡ್ಲಾ?" ಆ ಮಾತನ್ನು ಸದ್ಯ ಯಾರೂ ಎತ್ತಬೇಡಿ ಎಂದು ಹೇಳಿ, ಮಗ ಒಪ್ಪಿದ ಮೇಲೆ ವಿಡಿಯೊ ಕರೆಯಲ್ಲಿ ಸಮಾಲೋಚನೆ ಶುರುವಾಯಿತು. ಅವನು ಹೇಳಿದ್ದರಲ್ಲಿ ಮನೆಗೆ ಏನು ತಿಳಿಸಬೇಕು ಎಂಬುದು ಅವನ ತೀರ್ಮಾನ. ಜೀವಕ್ಕೆ ಅಪಾಯ ಕಂಡರೆ ಮಾತ್ರ ಬೇರೆ.

ಊರಿನ ನೆನಪು ಕಾಡುತ್ತದೆ ಎಂಬುದು ಅವನ ದೂರು. ಗಂಟೆ ಗಂಟೆಯ ದಿನಚರಿ ಬರೆಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ತಾಯಿಯ ಮೊದಲ ಕರೆ ಇಲ್ಲಿಯ ಬೆಳಗ್ಗೆ 6ಕ್ಕೆ. ಚಳಿಗಾಲದಲ್ಲಿ ಅಲ್ಲಿ ಆಗ ರಾತ್ರಿ 1.30. ಅದಕ್ಕೆಂದೇ ಎಚ್ಚರವಿದ್ದು, ಆಮೇಲೆ ನಿದ್ದೆ ಬಾರದೆ 4ರವರೆಗೆ ಮೊಬೈಲು, ಏಳುವುದು ಮಧ್ಯಾಹ್ನ 1ಕ್ಕೆ. ಅಲ್ಲಿ ಡಿಸೆಂಬರ್‌ನಲ್ಲಿ ಸಂಜೆ 4ರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಕ್ಲಾಸು, ಬೆಳಕು, ಜನ, ಮೂರೂ ತಪ್ಪಿದ್ದವು. ಮೇಜಿನ ಮೇಲೆ ಒಡೆಯದ ಲಕೋಟೆಗಳ ರಾಶಿ. ಜರ್ಮನಿಯಲ್ಲಿ ಸರ್ಕಾರಿ ಪತ್ರ, ವಿಮೆ, ಶುಲ್ಕದ ನೋಟಿಸು ಬಹುಪಾಲು ಅಂಚೆಯಲ್ಲೇ, ಜರ್ಮನ್ ಭಾಷೆಯಲ್ಲೇ ಬರುತ್ತವೆ. ಹೆದರಿ ಒಡೆಯದಿದ್ದರೆ ಜ್ಞಾಪನ ಪತ್ರ, ಅದರ ಮೇಲೆ ದಂಡ.

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 12 ಬಂತು, ಅಂದರೆ ಮಧ್ಯಮ ಮಟ್ಟ. ಸಾಯುವ ಯೋಚನೆಯ ಬಗೆಗಿನ ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಆದರೂ ಇಲ್ಲಿ ಕೂತು ಕೊಡುವ ಸಲಹೆಗೆ ಮಿತಿಯಿದೆ; ಅವನಿಗೆ ಏನಾದರೂ ಆದರೆ ದಾವಣಗೆರೆಯಿಂದ ಯಾರೂ ಬಾಗಿಲು ತಟ್ಟಲಾರರು. ಹಾಗಾಗಿ ಒಬ್ಬ ಸಹಪಾಠಿಯ ನಂಬರ್, ತುರ್ತಿಗೆ 112, ರಾತ್ರಿ ಅಥವಾ ರಜೆಯ ದಿನ ವೈದ್ಯರು ಬೇಕಾದರೆ 116117, ಇಷ್ಟನ್ನು ಮೊದಲ ದಿನವೇ ಬರೆಸಲಾಯಿತು. ಅಲ್ಲಿಯ ವಿದ್ಯಾರ್ಥಿ ಸೇವಾ ಸಂಸ್ಥೆ, ಸ್ಟುಡಿಯರೆಂಡೆನ್‌ವೆರ್ಕ್, ನಡೆಸುವ ಆಪ್ತಸಲಹಾ ಕೇಂದ್ರದಲ್ಲಿ ಸಮಯ ಕೇಳಲು ತಿಳಿಸಲಾಯಿತು. "ವೀಸಾಕ್ಕೆ ತೊಂದ್ರೆ ಆಗಲ್ವಾ?" ಎಂದ. ಅಲ್ಲಿ ಆಡಿದ ಮಾತು ಗೋಪ್ಯ, ವೀಸಾ ಕಚೇರಿಗೆ ಹೋಗುವುದಿಲ್ಲ. ಈ ಭಯದಿಂದಲೇ ಎಷ್ಟೋ ಹುಡುಗರು ಹತ್ತಿರದಲ್ಲಿರುವ ಸಹಾಯ ಬಿಡುತ್ತಾರೆ.

ಲಕೋಟೆಗಳನ್ನು ಕರೆಯಲ್ಲಿರುವಾಗಲೇ ಒಡೆಸಿ, ಫೋನಿನ ಅನುವಾದ ಆ್ಯಪ್‌ನಿಂದ ಓದಿಸಿ, ಕೊನೆಯ ದಿನಾಂಕದ ಪ್ರಕಾರ ಜೋಡಿಸಲಾಯಿತು. ಮೊದಲ ಸ್ಥಾನ ವಾಸದ ಪರವಾನಗಿಗೆ: ಪ್ರವೇಶ ವೀಸಾ ಮುಗಿಯುವ ಮೊದಲೇ ಅರ್ಜಿ ಹೋಗಬೇಕು. ನಂತರ ಆರೋಗ್ಯ ವಿಮೆಯ ಬಾಕಿ. ಇದನ್ನು ಬಿಟ್ಟರೆ ವಿಮಾ ಸಂಸ್ಥೆ ವಿಶ್ವವಿದ್ಯಾಲಯಕ್ಕೆ ತಿಳಿಸುತ್ತದೆ, ಮುಂದಿನ ಸೆಮಿಸ್ಟರಿನ ಮರುನೋಂದಣಿ ನಿಲ್ಲಬಹುದು. ರೇಡಿಯೊ-ಟಿವಿ ಶುಲ್ಕ ತಿಂಗಳಿಗೆ 18.36 ಯೂರೋ, ಟಿವಿ ಇಲ್ಲದಿದ್ದರೂ ಕಟ್ಟಬೇಕು, ಆದರೆ ಒಂದು ಮನೆಗೆ ಒಂದೇ. ಜೊತೆಗಿದ್ದವನು ಆಗಲೇ ಕಟ್ಟುತ್ತಿದ್ದ. ಅವನ ಶುಲ್ಕ ಖಾತೆಯ ನಂಬರ್ ಕೊಟ್ಟು ಬರೆದರೆ ಮುಗಿಯುವ ಕೆಲಸಕ್ಕೆ ಈತ ಎರಡು ತಿಂಗಳು ಹೆದರಿದ್ದ.

ನಿಜವಾದ ಕಗ್ಗಂಟು ಪರೀಕ್ಷೆಯದು. ವಿಟಿಯುನಲ್ಲಿ ಓದಿದವರಿಗೆ ಬ್ಯಾಕ್ ಉಳಿದರೆ ಮುಂದೆ ತೆಗೆದರಾಯಿತು ಎಂಬ ಧೈರ್ಯ. ಜರ್ಮನಿಯ ಹಲವು ವಿಶ್ವವಿದ್ಯಾಲಯಗಳಲ್ಲಿ ಒಂದು ವಿಷಯಕ್ಕೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯದೂ ಹೋದರೆ ಕೋರ್ಸಿನಿಂದಲೇ ಹೊರಗೆ. ಪರೀಕ್ಷೆಗೆ ಆನ್‌ಲೈನ್‌ನಲ್ಲಿ ಬೇರೆಯೇ ನೋಂದಾಯಿಸಬೇಕು, ಹಿಂದೆಗೆಯಲೂ ಗಡುವಿದೆ. ಐದಕ್ಕೂ ನೋಂದಾಯಿಸಿ ಹೆದರಿ ಕೂತಿದ್ದವನು, ವಿಭಾಗದ ಸಲಹೆಗಾರರನ್ನು ಕೇಳಿ, ಗಡುವಿನೊಳಗೆ ಎರಡನ್ನು ಹಿಂದೆಗೆದ.

ನಿದ್ದೆಯನ್ನು ಒಂದೇ ದಿನದಲ್ಲಿ ತಿರುಗಿಸಲು ಹೋದರೆ ಮೂರನೇ ದಿನಕ್ಕೆ ಮತ್ತೆ ಹಳೇ ದಾರಿ. ಏಳುವ ಹೊತ್ತನ್ನು ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಹಿಂದಕ್ಕೆ ತರುವುದು, ಎದ್ದ ಒಂದು ಗಂಟೆಯೊಳಗೆ, ಮೋಡವಿದ್ದರೂ, 30 ನಿಮಿಷ ಹೊರಗೆ ನಡೆಯುವುದು, ಮಧ್ಯಾಹ್ನ 12.30ಕ್ಕೆ ಕ್ಯಾಂಪಸ್ಸಿನ ಮೆನ್ಸಾದಲ್ಲಿ, ಅಂದರೆ ವಿದ್ಯಾರ್ಥಿಗಳ ಕ್ಯಾಂಟೀನಿನಲ್ಲಿ, ಊಟ. ಅಲ್ಲಿ ರುಚಿ ಸಿಗದಿರಬಹುದು, ಪಕ್ಕದಲ್ಲಿ ಜನ ಸಿಗುತ್ತಾರೆ. ಭಾನುವಾರ ಅಂಗಡಿ ಮುಚ್ಚಿರುವುದರಿಂದ ಶನಿವಾರವೇ ಅಕ್ಕಿ, ಬೇಳೆ, ತರಕಾರಿ ತಂದಿಟ್ಟುಕೊಳ್ಳಬೇಕು.

ತಾಯಿಗೆ ಹೇಳಿದ್ದು ಇಷ್ಟೇ: ಕರೆ ಇಲ್ಲಿಯ ರಾತ್ರಿ 9.30ಕ್ಕೆ, ವಾರಕ್ಕೆ ಮೂರು ಸಲ. ಅಲ್ಲಿ ಆಗ ಸಂಜೆ 5. "ಊಟ ಆತಾ" ಬದಲು "ಇವತ್ತು ಯಾರ ಜೊತೆ ಊಟ ಮಾಡ್ದೆ?" ಎಂದು ಕೇಳಿ. ಮೊದಲ ವಾರ ಅವರು ಅತ್ತರು, ಎರಡನೇ ವಾರ ಹುಡುಗನೇ ಹೆಚ್ಚು ಮಾತಾಡಿದ.

ಐದನೇ ವಾರದಲ್ಲಿ ಪಿಎಚ್‌ಕ್ಯೂ-9 ಅಂಕ 7ಕ್ಕೆ ಇಳಿದಿದೆ. ಏಳುವುದು ಈಗ 8.30ಕ್ಕೆ, ವಾರಾಂತ್ಯದಲ್ಲಿ ಇನ್ನೂ ಜಾರುತ್ತದೆ. ಸಾಲದ ಚಿಂತೆಯಲ್ಲಿ ತಂದೆ ಪಾರ್ಟ್‌ಟೈಮ್ ಕೆಲಸದ ಬಗ್ಗೆ ಕೇಳಿದರು. ವಿದ್ಯಾರ್ಥಿಗೆ ವರ್ಷಕ್ಕೆ 140 ಪೂರ್ಣ ದಿನ ಇಲ್ಲವೇ 280 ಅರ್ಧ ದಿನ ದುಡಿಯಲು ಅನುಮತಿ ಇದೆ. ಈ ಸಾಲಕ್ಕೆ ಕೋರ್ಸ್ ಮುಗಿಯುವವರೆಗೆ ಕಂತಿಲ್ಲ, ಬಡ್ಡಿ ಮಾತ್ರ ಸೇರುತ್ತಿದೆ. ಫೆಬ್ರವರಿಯ ಮೂರು ಪರೀಕ್ಷೆ ಮುಗಿಯುವ ತನಕ ಕೆಲಸದ ಮಾತು ಬೇಡ ಎಂದು ತಂದೆ, ಮಗ ಇಬ್ಬರೂ ಒಪ್ಪಿದ್ದಾರೆ.