ನೆಲವೂ ಒಮ್ಮೊಮ್ಮೆ ಡೊಂಕಿರುತ್ತದೆ

ಈ ಸಲದ ಪತ್ರಗಳಲ್ಲಿ ಒಂದು ಹೀಗೆ ಶುರುವಾಗುತ್ತದೆ: "ನಾನು ದೊಡ್ಡ ಆಟಗಾರ್ತಿ ಏನಲ್ಲ. ಬಿಡುವು ಸಿಕ್ಕಾಗ ಸುಮ್ನೆ ವಿಡಿಯೋ ಗೇಮ್ ಆಡೋಳು. ನನ್ನ ಅಭಿಪ್ರಾಯಕ್ಕೆ ಬೆಲೆ ಇಲ್ಲ ಅಂತ ಗೊತ್ತು. ಆದರೂ ಬರೀತಿದ್ದೀನಿ."

ಆಮೇಲೆ ನಾಲ್ಕು ಪುಟ. ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸಿ ಸಾಲು ತುಂಬಿಸುವ ಟೆಟ್ರಿಸ್‌ಗಿಂತ ಒಳ್ಳೆಯ ಆಟ ಇನ್ನೂ ಹುಟ್ಟಿಲ್ಲವಂತೆ. ಸ್ಟಾರ್‌ಡ್ಯೂ ವ್ಯಾಲಿ ಅನ್ನುವ ಹೊಲಮನೆಯ ಆಟ ಬಲು ಇಷ್ಟ, ಆದರೆ ಅದರಲ್ಲಿ ಮೀನು ಹಿಡಿಯೋದು ನರಕ. ಬೆಟ್ಟ ಹತ್ತುವ ಸೆಲೆಸ್ಟ್ ಆಟವನ್ನು, ಕಷ್ಟ ತಗ್ಗಿಸುವ ಸಹಾಯದ ಮೋಡ್ ಹಾಕಿಕೊಂಡು ಮುಗಿಸಿದ್ದಾರೆ. ಅದಕ್ಕೆ ಅಣ್ಣನ ಮಗ "ಹಾಗಾದ್ರೆ ಮುಗಿಸಿದ ಲೆಕ್ಕ ಅಲ್ಲ ಅತ್ತೆ" ಅಂದನಂತೆ. ಎಲ್ಲರೂ ಹೊಗಳಿದರು ಅಂತ ಕಷ್ಟಕ್ಕೆ ಹೆಸರಾದ ಎಲ್ಡೆನ್ ರಿಂಗ್ ತೆಗೆದುಕೊಂಡರು. ಚಿನ್ನದ ಕವಚದ ಕುದುರೆ ಸವಾರನ ಕೈಯಲ್ಲಿ ಹನ್ನೊಂದು ಸಲ ಸತ್ತು ಆಟವನ್ನೇ ಬದಿಗಿಟ್ಟರು. ಮೈನ್‌ಕ್ರಾಫ್ಟ್‌ನಲ್ಲಿ ಗುರಿಯೇ ಇಲ್ಲ, ಏನು ಮಾಡಬೇಕು ಅಂತಲೇ ತಿಳಿಯಲಿಲ್ಲ. ಫೋನ್‌ನಲ್ಲಿ ಮಿಠಾಯಿ ಜೋಡಿಸುವುದು "ಆಟವೇ ಅಲ್ಲ". ಕೊನೆಗೆ ಎರಡು ಪ್ರಶ್ನೆ: ಸುಲಭ ಮಾಡಿಕೊಂಡು ಮುಗಿಸಿದರೂ ಮುಗಿಸಿದ ಹಾಗೇ ಅಲ್ವಾ? ಅರ್ಧಕ್ಕೆ ಬಿಟ್ಟ ಆಟದ ಬಗ್ಗೆ ಮಾತಾಡಬಹುದಾ? ಅದರ ಕೆಳಗೆ, ಗೆರೆ ಎಳೆದು: "ದಯವಿಟ್ಟು ಹೆಸರು ಹಾಕಬೇಡಿ."

ಹೆಸರು ಹಾಕಿಲ್ಲ ಮೇಡಂ. ಆದರೆ ನಿಮ್ಮ ಮೊದಲ ಸಾಲು ಓದಿ ನನಗೆ ಸ್ವಲ್ಪ ಸಿಟ್ಟು ಬಂತು. ಈ ಕುರ್ಚಿಯಲ್ಲಿ ಕೂತವನಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಕ್ಷಮೆ ಕೇಳಿ ಶುರುವಾಗುವ ಪತ್ರದಲ್ಲಿ ಏನಾದರೂ ಹೊಸದು ಇದ್ದೇ ಇರುತ್ತದೆ. "ನಾನು ಇಪ್ಪತ್ತು ವರ್ಷದಿಂದ ಈ ಕ್ಷೇತ್ರದಲ್ಲಿದ್ದೇನೆ" ಅಂತ ಶುರುವಾಗುವ ಪತ್ರದಲ್ಲಿ ಬಹಳ ಸಲ ಆ ಇಪ್ಪತ್ತು ವರ್ಷ ಮಾತ್ರ ಇರುತ್ತದೆ.

ಕಷ್ಟದ ಆಟದವರ ಪರವಾಗಿ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಆಮೇಲೆ ಪಕ್ಷಪಾತ ಅನ್ನಬಾರದು. 2019ರ ಸೆಕಿರೊ ಆಟದಲ್ಲಿ ಸುಲಭ, ಕಷ್ಟ ಅಂತ ಆಯ್ಕೆಯೇ ಇಲ್ಲ. ಎಲ್ಲರಿಗೂ ಒಂದೇ ಗೋಡೆ. ಐವತ್ತು ಸಲ ಬಿದ್ದು ಐವತ್ತೊಂದನೇ ಸಲ ಹತ್ತಿದವನ ಖುಷಿ ಸುಳ್ಳಲ್ಲ. ಅದೇ ಗೋಡೆ ಹತ್ತಿದ ಇನ್ನೊಬ್ಬ ಸಿಕ್ಕಾಗ ಇಬ್ಬರೂ ರಾತ್ರಿಯಿಡೀ ಮಾತಾಡಬಹುದು. ಒಪ್ಪಿದೆ. ಆಯಿತಲ್ಲ?

ಈಗ ಅವರು ನಿಮಗೆ ಹೇಳುವ ಗಾದೆಗೆ ಬರೋಣ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯ ಬಗ್ಗೆ ನನಗೆ ಹಳೇ ತಕರಾರಿದೆ. ಗಾದೆ ಮಾಡಿದ ಮಹಾನುಭಾವ ನೆಲ ನೋಡಿದ್ದನಾ? ಚೆನ್ನಾಗಿ ಕುಣಿಯುವವಳಿಗೆ ನೆಲದ ಡೊಂಕು ಗೊತ್ತೇ ಆಗುವುದಿಲ್ಲ. ಅವಳ ಕಾಲು ಅದಕ್ಕೆ ಎಂದೋ ಒಗ್ಗಿಹೋಗಿರುತ್ತದೆ. ಡೊಂಕು ತಿಳಿಯಬೇಕಾದರೆ ಎಡವುವವರೇ ಬೇಕು. ನಮ್ಮ ಕಸುಬಿನಲ್ಲೂ ಇದೇ ಕತೆ. ಒಂದು ಲೇಖನವನ್ನು ನಾನು ಹತ್ತು ಸಲ ಓದಿ ಪ್ರೂಫ್ ತಿದ್ದಿರುತ್ತೇನೆ. ಶೀರ್ಷಿಕೆಯಲ್ಲೇ ಕೊಂಬು ಬಿಟ್ಟುಹೋಗಿರುತ್ತದೆ, ನನಗೆ ಕಾಣಿಸುವುದಿಲ್ಲ. ಹಾಳೆ ಕೊಡೋಕೆ ಬಂದ ಹುಡುಗ ನಿಂತಲ್ಲೇ "ಸಾರ್, ಇಲ್ಲಿ" ಅಂತ ಬೆರಳಿಡುತ್ತಾನೆ.

ನಮ್ಮ ಪ್ರೂಫ್ ರೀಡರ್ ಒಬ್ಬರು ಜೀವನದಲ್ಲಿ ಕಂಟ್ರೋಲರ್ ಹಿಡಿದವರಲ್ಲ. ಒಂದು ಸಂಜೆ ಅವರ ಕೈಗೆ 1985ರ ಸೂಪರ್ ಮಾರಿಯೊ ಕೊಟ್ಟು ಬಾಯಿ ಮುಚ್ಚಿಕೊಂಡು ಕೂತೆ. ಬಲಕ್ಕೆ ನಡೆದರು. ಅಣಬೆ ತಲೆಯ ಕಂದು ಪ್ರಾಣಿ ಎದುರು ಬಂತು. ಡಿಕ್ಕಿ, ಸಾವು. ಎರಡನೇ ಸಲ ಗಾಬರಿಯಲ್ಲಿ ಯಾವುದೋ ಗುಂಡಿ ಒತ್ತಿದರು. ಮಾರಿಯೊ ಹಾರಿದ, ತಲೆ ಮೇಲಿನ ಪ್ರಶ್ನೆ ಚಿಹ್ನೆಯ ಡಬ್ಬಕ್ಕೆ ಬಡಿಯಿತು, ಅದರಿಂದ ಒಂದು ಅಣಬೆ ಹೊರಬಂತು. ಇವರು ಇದೂ ಕಚ್ಚುತ್ತದೇನೋ ಅಂತ ಹಿಂದೆ ಸರಿದರು. ಅಣಬೆ ಮುಂದಿನ ಪೈಪಿಗೆ ತಗುಲಿ ಇವರ ಕಡೆಗೇ ತಿರುಗಿ ಬಂತು. ತಪ್ಪಿಸಿಕೊಳ್ಳಲು ಆಗಲಿಲ್ಲ. ಮೈಗೆ ತಾಗಿತು, ಮಾರಿಯೊ ದೊಡ್ಡವನಾದ. "ಓ, ಇದು ಒಳ್ಳೇದು!" ಅಂದರು. ಪ್ರತಿ ಹಾರಿಕೆಗೂ ಕಂಟ್ರೋಲರ್ ಎತ್ತುತ್ತಿದ್ದರು. ಹಳ್ಳ ಬಂದಾಗ ಕುರ್ಚಿಯಿಂದಲೇ ಅರ್ಧ ಎದ್ದರು.

ಅಷ್ಟು ಹೊತ್ತಿಗೆ ಯಾರೂ ಅವರಿಗೆ ಒಂದಕ್ಷರ ಹೇಳಿಕೊಟ್ಟಿರಲಿಲ್ಲ. ಆ ಪ್ರಾಣಿ, ಆ ಡಬ್ಬ, ಆ ಪೈಪು, ಎಲ್ಲವನ್ನೂ ಆಟ ಮಾಡಿದ ಶಿಗೆರು ಮಿಯಾಮೊಟೊ ಮತ್ತು ಅವರ ಜೊತೆಗಾರರು ಅಲ್ಲಲ್ಲೇ ಇಟ್ಟದ್ದು ಇಂಥ ಮೊದಲ ಸಲದವರಿಗಾಗಿ. ನುರಿತವರು ಆ ಪೈಪನ್ನು ಕಣ್ಣೆತ್ತಿಯೂ ನೋಡದೆ ಓಡುತ್ತಾರೆ. ಅದರ ಕೆಲಸ ಏನು ಅಂತ ಅವರಿಗೆ ಯಾಕೆ ಗೊತ್ತಾಗಬೇಕು?

ಇನ್ನು ನಿಮ್ಮ ಅಣ್ಣನ ಮಗನ ವಿಷಯ. ಅವನಿಗೆ ಒಂದು ಪ್ರಶ್ನೆ ಕೇಳಿ. ಸೆಲೆಸ್ಟ್‌ನಲ್ಲಿ ಬಂಡೆಯ ಅಂಚು ದಾಟಿ ಕಾಲು ಗಾಳಿಯಲ್ಲಿದ್ದಾಗಲೂ ಹಾರುವ ಗುಂಡಿ ಕೆಲಸ ಮಾಡುತ್ತದೆ, ಗಮನಿಸಿದ್ದೀಯಾ? ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ಆಟ "ನೀನಿನ್ನೂ ನೆಲದ ಮೇಲೇ ಇದ್ದೀಯ" ಅಂತ ಸುಳ್ಳು ಹೇಳುತ್ತದೆ. ಮಾಡುವವರ ಮಾತಿನಲ್ಲಿ ಇದಕ್ಕೆ ಕಯೋಟಿ ಟೈಮ್ ಅಂತ ಹೆಸರು. ಆ ಸುಳ್ಳಿಲ್ಲದೆ ಆಡಿದರೆ ಅವನೂ ಅಡಿಗಡಿಗೆ ಬೀಳುತ್ತಿದ್ದ. ಅಂದರೆ ಅತ್ತೆಗೂ ಸಹಾಯ ಸಿಕ್ಕಿತು, ಅಳಿಯನಿಗೂ ಸಿಕ್ಕಿತು. ಅತ್ತೆ ಕೇಳಿ ಪಡೆದರು, ಅಳಿಯನಿಗೆ ಕೊಟ್ಟದ್ದು ಗೊತ್ತೇ ಆಗಲಿಲ್ಲ. ಅಷ್ಟೇ ವ್ಯತ್ಯಾಸ. 2005ರ ರೆಸಿಡೆಂಟ್ ಈವಿಲ್ 4 ಇನ್ನೂ ಜಾಣ. ನೀವು ಸಾಯುತ್ತಲೇ ಇದ್ದರೆ ಸದ್ದಿಲ್ಲದೆ ಶತ್ರುಗಳ ಜೋರು ಇಳಿಸುತ್ತದೆ. ಅದನ್ನು ಮುಗಿಸಿ ಎದೆ ತಟ್ಟಿಕೊಂಡವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತೋ! ವಿಂಡೋಸ್ ಜೊತೆ ಬರುತ್ತಿದ್ದ ಮೈನ್‌ಸ್ವೀಪರ್ ನೆನಪಿದೆಯಾ? ಅದರಲ್ಲಿ ಮೊದಲ ಕ್ಲಿಕ್ಕಿಗೆ ಯಾವತ್ತೂ ಬಾಂಬ್ ಸಿಡಿಯುವುದಿಲ್ಲ. ನೀವು ಒತ್ತಿದ ಮನೆಯಲ್ಲೇ ಬಾಂಬ್ ಇದ್ದರೆ ಆಟ ಅದನ್ನು ಎತ್ತಿ ಬೇರೆ ಕಡೆ ಇಡುತ್ತದೆ. ಕೆಲಸದ ಹೊತ್ತಿನಲ್ಲಿ ಅದನ್ನು ಆಡಿದ ದಿನಗಳಲ್ಲಿ ನಾನು ಇದನ್ನು ನನ್ನ ಅದೃಷ್ಟ ಅಂದುಕೊಂಡಿದ್ದೆ.

ಆಟ ಕಟ್ಟುವವರಿಗೂ ಈ ಸಹಾಯ ಬೇಕಾದದ್ದುಂಟು. 1986ರಲ್ಲಿ ಕಜುಹಿಸಾ ಹಾಶಿಮೊಟೊ ಅನ್ನುವವರು ಗ್ರೇಡಿಯಸ್ ಆಟವನ್ನು ಮನೆಯ ಯಂತ್ರಕ್ಕೆ ಇಳಿಸುತ್ತಿದ್ದರು. ಪರೀಕ್ಷೆ ಮಾಡಬೇಕಾದರೆ ಪೂರ್ತಿ ಆಡಬೇಕು. ಅವರಿಗೇ ಕಷ್ಟವಾಯಿತು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಅಂತ ಒತ್ತಿದರೆ ಎಲ್ಲ ಶಕ್ತಿಯೂ ಸಿಗುವ ಹಾಗೆ ಒಂದು ಕಳ್ಳದಾರಿ ಮಾಡಿಕೊಂಡರು. ಅದು ಆಟದಲ್ಲೇ ಉಳಿಯಿತು, ಆಟದ ಕಂಪನಿಯ ಹೆಸರಲ್ಲೇ ಕೊನಾಮಿ ಕೋಡ್ ಅಂತ ಜಗತ್ತಿಗೆಲ್ಲ ಗೊತ್ತಾಯಿತು. ಇದನ್ನು ಬಾಯಿಪಾಠ ಮಾಡಿಕೊಂಡ ತಲೆಮಾರೇ ಇವತ್ತು ಈಜಿ ಮೋಡ್ ಕಂಡರೆ ಮೂಗು ಮುರಿಯುತ್ತದೆ.

ಮೂಗು ಮುರಿಯುವುದೂ ಹೊಸದಲ್ಲ ಬಿಡಿ. 1992ರ ವುಲ್ಫೆನ್‌ಸ್ಟೈನ್ 3ಡಿ ಆಟದಲ್ಲಿ ಅತಿ ಸುಲಭದ ಆಯ್ಕೆಗೆ ಇಟ್ಟ ಹೆಸರು "ಅಪ್ಪಾ, ನಾನೂ ಆಡ್ಲಾ?" ಅನ್ನುವ ಅರ್ಥದ್ದು. ಪಕ್ಕದಲ್ಲಿ ನಾಯಕನ ಮುಖ, ತಲೆಗೆ ಎಳೆಮಗುವಿನ ಕುಲಾವಿ, ಬಾಯಲ್ಲಿ ಚೀಪುವ ನಿಪ್ಪಲ್. 2017ರ ಕಪ್‌ಹೆಡ್‌ನಲ್ಲಿ ಸುಲಭದ ದಾರಿ ಹಿಡಿದು ಗೆದ್ದರೆ ಆಟದ ಕೊನೆಯ ಭಾಗಕ್ಕೆ ಬಿಡುವುದೇ ಇಲ್ಲ. ಚಿತ್ರ ಎಂಥ ಚಂದ ಅಂತೀರಿ, ಆದರೆ ಬಾಗಿಲಲ್ಲಿ ಕಾವಲುಗಾರ.

ಅಸಲಿಗೆ ಈ ಕಷ್ಟ ಎಲ್ಲಿಂದ ಬಂತು? ಹಳೇ ಆಟಗಳು ನಾಣ್ಯ ಹಾಕಿ ಆಡುವ ಪೆಟ್ಟಿಗೆಗಳಲ್ಲಿದ್ದವು. ಒಂದು ನಾಣ್ಯಕ್ಕೆ ಒಬ್ಬನೇ ಗಂಟೆಗಟ್ಟಲೆ ನಿಂತರೆ ಪೆಟ್ಟಿಗೆಯವನ ಗತಿ? ಬೇಗ ಸಾಯಿಸಬೇಕಿತ್ತು. 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ 55 ಶತ್ರುಗಳು. ಹೊಡೆದಷ್ಟೂ ಉಳಿದವರ ಓಟ ಜೋರಾಗುತ್ತದೆ. ಅದು ಯಾರ ತಂತ್ರವೂ ಅಲ್ಲ. ಚಿತ್ರ ಬಿಡಿಸಬೇಕಾದ ಶತ್ರುಗಳು ಕಡಿಮೆಯಾದಂತೆ ಬಡಪಾಯಿ ಚಿಪ್ಪಿನ ಭಾರ ಇಳಿಯುತ್ತಿತ್ತು, ಅಷ್ಟೇ. ಮಾಡಿದ ತೊಮೊಹಿರೊ ನಿಶಿಕಾದೊ ಅದನ್ನು ಹಾಗೇ ಬಿಟ್ಟರು. ನಾಣ್ಯದ ಲೆಕ್ಕಾಚಾರ, ಚಿಪ್ಪಿನ ಸುಸ್ತು, ಇವೆರಡೂ ಸೇರಿ ಹುಟ್ಟಿದ್ದನ್ನು ಈಗ ಗಂಡಸುತನದ ಪರೀಕ್ಷೆ ಮಾಡಿಕೊಂಡು ಕೂತಿದ್ದಾರೆ.

ಅರ್ಧಕ್ಕೆ ಬಿಟ್ಟದ್ದರ ಬಗ್ಗೆ ಕೇಳಿದಿರಿ. ನಿಮ್ಮ ಟೆಟ್ರಿಸ್ಸನ್ನೇ ತೆಗೆದುಕೊಳ್ಳಿ. 1984ರಲ್ಲಿ ಅಲೆಕ್ಸಿ ಪಾಜಿತ್ನೊವ್ ಮಾಸ್ಕೋದಲ್ಲಿ ಮಾಡಿದ್ದು. ಏಳು ಆಕಾರ, ಪ್ರತಿಯೊಂದರಲ್ಲೂ ನಾಲ್ಕು ಚೌಕ. ಬಲಗಡೆ ಒಂದು ಸಾಲು ಖಾಲಿ ಬಿಟ್ಟು ಉದ್ದನೆಯ ಕಡ್ಡಿಗೆ ಕಾಯುತ್ತೇವೆ. ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತದೆ. ನಿಂಟೆಂಡೊ ಮನೆಯಂತ್ರಕ್ಕೆ 1989ರಲ್ಲಿ ಬಂದ ಟೆಟ್ರಿಸ್ಸಿನ ಕೊನೆ ಮುಟ್ಟಿದ ಮೊದಲ ಮನುಷ್ಯ ಯಾರು ಗೊತ್ತಾ? ಹದಿಮೂರು ವರ್ಷದ ಒಬ್ಬ ಹುಡುಗ, ಅದೂ 2023ರ ಡಿಸೆಂಬರಿನಲ್ಲಿ. 157ನೇ ಲೆವೆಲ್‌ನಲ್ಲಿ ಆಟವೇ ಸ್ತಬ್ಧವಾಗಿ ನಿಂತುಬಿಟ್ಟಿತು. ಅಂದರೆ 34 ವರ್ಷ ಆ ಟೆಟ್ರಿಸ್ ಬಗ್ಗೆ ಮಾತಾಡಿದ ನಾವೆಲ್ಲರೂ ಅರ್ಧಕ್ಕೆ ಬಿಟ್ಟವರೇ!

ಸ್ಟಾರ್‌ಡ್ಯೂ ಮೀನಿನ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಎರಿಕ್ ಬರೋನ್ ಒಬ್ಬರೇ ಸುಮಾರು ನಾಲ್ಕೂವರೆ ವರ್ಷ ಕೂತು ಚಿತ್ರ, ಸಂಗೀತ, ಮಾತು ಎಲ್ಲ ತಾವೇ ಮಾಡಿ 2016ರಲ್ಲಿ ಹೊರತಂದ ಆಟ. ಅಂಥವರೂ ಎಡವಬಹುದು. ನೆಮ್ಮದಿಗೆಂದು ಕೂತವಳ ಮುಂದೆ ಆ ಹಸಿರು ಪಟ್ಟಿ, ಅದರಾಚೆ ಕುಪ್ಪಳಿಸುವ ಮೀನು. ಮೀನನ್ನು ಪಟ್ಟಿಯೊಳಗೇ ಇಟ್ಟುಕೊಳ್ಳಬೇಕು. ಒತ್ತಿದರೆ ಪಟ್ಟಿ ಮೇಲಕ್ಕೆ ಚಿಮ್ಮುತ್ತದೆ, ಬಿಟ್ಟರೆ ದೊಪ್ಪನೆ ಬೀಳುತ್ತದೆ. ಆಟದೊಳಗಿನ ವಿಲ್ಲಿಯ ಮೀನಿನ ಅಂಗಡಿಯಲ್ಲಿ ಕಲಿಯುವವರಿಗೆ ಅಂತಲೇ ಒಂದು ಗಾಳ ಇದೆ, ಹಸಿರು ಪಟ್ಟಿ ದೊಡ್ಡದಾಗುತ್ತದೆ, ಕೊಳ್ಳಿ. ಸಣ್ಣ ಪುಟ್ಟ ಮೀನಷ್ಟೇ ಸಿಗೋದು. ಅದು ಆಮೇಲೆ ಸೇರಿಸಿದ್ದು. ಯಾರೋ ನಿಮ್ಮ ಹಾಗೆ ಗೊಣಗಿರಬೇಕು.

ಈಗ ಸ್ವಲ್ಪ ಬೈಸಿಕೊಳ್ಳಿ. ಮೈನ್‌ಕ್ರಾಫ್ಟ್‌ನಲ್ಲಿ ಗುರಿಯೇ ಇಲ್ಲ ಅಂದಿರಿ. ಮರ ಗುದ್ದಿದರೆ ಕಟ್ಟಿಗೆ ಸಿಗುತ್ತದೆ ಅಂತ ಮೊದಲೆಲ್ಲ ಅದು ಯಾರಿಗೂ ಹೇಳುತ್ತಿರಲಿಲ್ಲ, ಹತ್ತು ನಿಮಿಷಕ್ಕೆ ಹಗಲು ಮುಗಿದು ದೆವ್ವಗಳು ಬರುತ್ತಿದ್ದವು, ನಿಜ. ಅಲ್ಲಿ ನೆಲ ಡೊಂಕೇ. ಆದರೆ ಸ್ಟಾರ್‌ಡ್ಯೂನಲ್ಲಿ ಬೇಲಿ ನೇರ ಮಾಡುತ್ತಾ ಎರಡು ಗಂಟೆ ಕಳೆದೆ ಅಂತ ನೀವೇ ಮೂರನೇ ಪುಟದಲ್ಲಿ ಬರೆದಿದ್ದೀರಿ. ಅದಕ್ಕೆ ಯಾವ ಗುರಿ ಇತ್ತು? 2023ರ ಹೊತ್ತಿಗೆ 30 ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾದ ಆಟ ಮೈನ್‌ಕ್ರಾಫ್ಟ್. ಅವರೆಲ್ಲ ನಿಮ್ಮ ಹಾಗೆ ಬೇಲಿ ಹಾಕುವವರೇ.

ಫೋನಿನ ಆಟ ಆಟವೇ ಅಲ್ಲ ಅಂದದ್ದಂತೂ ನನಗೆ ಹಿಡಿಸಲಿಲ್ಲ. ನಮ್ಮಕ್ಕ ಕ್ಯಾಂಡಿ ಕ್ರಶ್‌ನಲ್ಲಿ ಎಷ್ಟನೇ ಲೆವೆಲ್‌ನಲ್ಲಿದ್ದಾಳೆ ಅಂದರೆ ಅವಳೇ ಎಣಿಸುವುದು ಬಿಟ್ಟಿದ್ದಾಳೆ. ಒಂದು ನಡೆ ನಡೆಸುವ ಮುಂಚೆ ಕನ್ನಡಕ ಹಣೆಗೇರಿಸಿ, ಬೆರಳು ಗಾಜಿಗೆ ತಾಗಿಸದೆ ಮೂರು ಸಲ ಗಾಳಿಯಲ್ಲೇ ಓಡಿಸಿ ನೋಡುತ್ತಾಳೆ. ವಿಡಿಯೋ ಗೇಮ್ ಆಡ್ತೀಯೇನೇ ಅಂತ ಕೇಳಿದರೆ, "ಛೆ, ನಂಗ್ಯಾಕಪ್ಪ ಅದೆಲ್ಲ" ಅನ್ನುತ್ತಾಳೆ. ಅಣ್ಣನ ಮಗ ನಿಮ್ಮನ್ನು ನಿಲ್ಲಿಸಿದ ಬಾಗಿಲಲ್ಲೇ ನೀವು ನಮ್ಮಕ್ಕನನ್ನು ನಿಲ್ಲಿಸಿದಿರಿ. ಸರಿಯಾ?

ಅವಳ ಆಟದಲ್ಲಿ ನನಗೆ ಕೋಪ ಇರುವುದು ಬೇರೆ ಕಡೆ. ಐದು ಜೀವ. ಒಂದು ಹೋದರೆ ಮತ್ತೆ ತುಂಬಲು ಅರ್ಧ ಗಂಟೆ. ಕಾಯಿ, ಇಲ್ಲವೇ ಕಾಸು ಬಿಚ್ಚು. ನಾಣ್ಯದ ಪೆಟ್ಟಿಗೆ ಸತ್ತಿತು ಅಂದುಕೊಂಡಿದ್ದೆವು, ಜೇಬಿನೊಳಗೇ ಬಂದು ಕೂತಿದೆ. ಇದು ಫೋನಿಗೂ ನಿಲ್ಲಲಿಲ್ಲ. ದೊಡ್ಡ ಆಟಗಳೂ ಈಗ ದಿನಾ ಹಾಜರಿ ಕೇಳುತ್ತವೆ. ಇವತ್ತು ಬಂದರೆ ಉಡುಗೊರೆ, ನಾಳೆ ತಪ್ಪಿದರೆ ಸಾಲು ಮುರಿಯಿತು. ಭಾಷೆ ಕಲಿಸುವ ಆಪ್ ಹಾಜರಿ ಕೇಳುತ್ತೆ, ಹೆಜ್ಜೆ ಎಣಿಸುವ ಗಡಿಯಾರ ಹಾಜರಿ ಕೇಳುತ್ತೆ. ಶಾಲೆ ಬಿಟ್ಟು ಇಷ್ಟು ವರ್ಷವಾದ ಮೇಲೆ ನಾನು ಯಾರಿಗೆ ರಜಾ ಚೀಟಿ ಬರೆದುಕೊಡಬೇಕು?

ಕಾಸು ಕೊಟ್ಟು ಕೊಂಡದ್ದಾದರೂ ನಮ್ಮದಾಗಿ ಉಳಿಯುತ್ತದೆಯೇ ಅಂದರೆ ಅದೂ ಇಲ್ಲ. 2014ರಲ್ಲಿ ಬಂದ ದಿ ಕ್ರೂ ಅನ್ನುವ ಕಾರಿನ ಆಟದ ಸರ್ವರನ್ನು, ಅಂದರೆ ಆಟ ನಡೆಸುವ ಕಂಪನಿಯ ಕಂಪ್ಯೂಟರನ್ನು, 2024ರ ಮಾರ್ಚ್ ಕೊನೆಗೆ ನಿಲ್ಲಿಸಿದರು. ಒಬ್ಬರೇ ಆಡುತ್ತಿದ್ದವರಿಗೂ ಆಟ ಹೋಯಿತು. ನನಗೂ ಹೀಗೇ ಆಗಿದೆ. ಎರಡು ವರ್ಷ ಬಿಟ್ಟು ಒಂದು ಆಟ ತೆರೆದೆ, "ಸರ್ವರ್ ಸಿಗುತ್ತಿಲ್ಲ" ಅಂತ ಬಂತು. ನಾನಿದ್ದದ್ದು ಅರ್ಧ ದಾಟಿದ ಗುಹೆಯೊಳಗೆ, ಕೈಯಲ್ಲಿ ಪಂಜು. ಈಗಲೂ ಅಲ್ಲೇ ಇದ್ದೇನೆ ಅಂತ ಕಾಣುತ್ತದೆ. ಹಳೇ ಆಟಗಳನ್ನು ಕಾಪಾಡುವ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿತ್ತು: 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಂದ ಆಟಗಳಲ್ಲಿ ಶೇಕಡಾ 87 ಈಗ ಅಂಗಡಿಯಲ್ಲಿ ಸಿಗುವುದೇ ಇಲ್ಲ. ಆಡುವವನಿಗೆ ತಾಕತ್ತಿದೆಯಾ ಅಂತ ಅಳೆಯುವ ಶೂರರು ಈ ಲೆಕ್ಕ ಬಂದ ದಿನ ಎಲ್ಲಿದ್ದರೋ.

ಎಲ್ಲಿಂದ ಎಲ್ಲಿಗೋ ಬಂದೆ. ನಿಮ್ಮ ಕುದುರೆ ಸವಾರನ ಬಗ್ಗೆ ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. ಹನ್ನೊಂದು ಸಲ ಅವನ ಎದುರಿಗೇ ಹೋದಿರಿ ಅಲ್ವಾ? ಯಾಕೆ ಹೋದಿರಿ? ಅವನು ದಾರಿಯಲ್ಲಿ ಓಡಾಡುತ್ತಾನೆ, ದಾರಿಯ ಎರಡೂ ಕಡೆ ಬೇಕಾದಷ್ಟು ಬಯಲಿದೆ. ಮರಗಳ ಮರೆಯಲ್ಲಿ ಬಗ್ಗಿಕೊಂಡು ದೂರದಿಂದ ಸುತ್ತಿ ಹೋಗಿ. ಮುಂದೆ ಚಾವಣಿ ಇಲ್ಲದ ಒಂದು ಹಾಳು ಚರ್ಚ್ ಸಿಗುತ್ತದೆ. ಅಲ್ಲಿ ಬೆಂಕಿ ಹಾಕಿಕೊಂಡು ಕಾಲೆ ಅನ್ನುವ ವ್ಯಾಪಾರಿ ಕೂತಿರುತ್ತಾನೆ. ಒಂದಿಷ್ಟು ಮುಂದೆ ಹೋದರೆ ನಿಮಗೂ ಒಂದು ಕುದುರೆ ಸಿಗುತ್ತದೆ, ಅದು ಕುದುರೆಯೋ ಜಿಂಕೆಯೋ ನನಗಿನ್ನೂ ಅನುಮಾನ. ಸವಾರ ಅಲ್ಲೇ ತಿರುಗಾಡಿಕೊಂಡಿರುತ್ತಾನೆ, ಅವನಿಗೇನೂ ಅವಸರವಿಲ್ಲ.