ನೂರಹನ್ನೆರಡು ಬಾಟಲಿ, ಒಂದೂವರೆ ಬಕೆಟ್ ನೀರು

ಓದುಗರ ಪತ್ರ

ಸಂಪಾದಕರೇ, ಕೆರೆಗಳ ಬಗ್ಗೆ ನೀವು ತಂದ ಬೇಸಿಗೆ ವಿಶೇಷಾಂಕದ ಬಿಡುಗಡೆಗೆಂದೇ ಊರಿನಿಂದ ಬಸ್ ಹತ್ತಿ ಬೆಂಗಳೂರಿಗೆ ಬಂದಿದ್ದೆ. ವೇದಿಕೆಯ ಮೇಲೆ ಏಳು ಜನ, ಏಳು ಪ್ಲಾಸ್ಟಿಕ್ ಬಾಟಲಿ. ಬಾಗಿಲಲ್ಲಿ ನಮಗೂ ಒಂದೊಂದು ಪುಟ್ಟ ಬಾಟಲಿ. ಕೆರೆ ಉಳಿಸಿ ಎಂದು ಗುಡುಗಿದ ಅತಿಥಿಗಳು ಎರಡು ಗುಟುಕು ಕುಡಿದು ಮಿಕ್ಕಿದ್ದನ್ನು ಅಲ್ಲೇ ಬಿಟ್ಟು ಎದ್ದರು. ನಮ್ಮ ಹಿರಿಯರು ಅರವಟ್ಟಿಗೆ ಇಟ್ಟು ದಾರಿಹೋಕರಿಗೆ ನೀರು, ಮಜ್ಜಿಗೆ ಕೊಟ್ಟವರು. ನೀರನ್ನು ಮಾರುವುದೂ ಕೊಳ್ಳುವುದೂ ಪಾಪವೆಂದು ನಂಬಿದವಳು ನಾನು. ಆದರೆ ನಮ್ಮ ಬೋರ್‌ವೆಲ್ಲಿನಲ್ಲಿ ಫ್ಲೋರೈಡ್ ಇದೆ, ವಾರಕ್ಕೆ ಎರಡು ಕ್ಯಾನ್ ನಾನೂ ಕೊಳ್ಳುತ್ತೇನೆ. ಹಾಗಾದರೆ ನಾನೂ ನಿಮ್ಮ ಸಾಲಿನವಳೇ? ಈ ಪತ್ರ ಅಚ್ಚಾಗುತ್ತದೋ ಬುಟ್ಟಿಗೆ ಹೋಗುತ್ತದೋ ನೋಡುತ್ತೇನೆ.
— ನಿವೃತ್ತ ಶಿಕ್ಷಕಿ, ಬಾಗೇಪಲ್ಲಿ ತಾಲ್ಲೂಕು

ಸಂಪಾದಕರ ಉತ್ತರ

ಮೇಡಂ, ಪತ್ರ ಅಚ್ಚಾಗಿದೆ. ಹೆಸರು ಬೇಡ ಎಂದಿದ್ದಿರಿ, ಬಿಟ್ಟಿದ್ದೇವೆ. "ಬಾಟಲಿ ತರಿಸಿದ್ದು ಸಭಾಂಗಣದವರು, ನಮಗೆ ಗೊತ್ತಿರಲಿಲ್ಲ" ಎಂದು ಬರೆದು ಕೈ ತೊಳೆದುಕೊಳ್ಳುವ ಆಸೆಯೇನೋ ಆಗಿತ್ತು. ಬಿಲ್ಲು ತೆಗೆಸಿ ನೋಡಿದರೆ ಕೆಳಗಿರುವ ರುಜು ನನ್ನದೇ. ಕಾಲು ಲೀಟರಿನ ಬಾಟಲಿ, ಆರು ಬಾಕ್ಸ್.

ನಿಮ್ಮ ಪತ್ರ ಬರುವ ಮೊದಲೇ ಒಂದು ಸಂಗತಿ ನಡೆದಿತ್ತು. ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಕಾರ್ಯಕ್ರಮದ ಮಾರನೆಯ ಬೆಳಿಗ್ಗೆ, ಮಾರಾಟವಾಗದೆ ಉಳಿದ ಪ್ರತಿಗಳನ್ನು ತರಲು ಸಭಾಂಗಣಕ್ಕೆ ಹೋಗಿದ್ದೆ. ಕಾವಲುಗಾರ ಮೂಲೆಯಲ್ಲಿ ಗುಡ್ಡೆ ಹಾಕಿದ್ದ ಬಾಟಲಿಗಳನ್ನು ತೋರಿಸಿ, "ಇದನ್ನೂ ತಗೊಂಡು ಹೋಗಿ ಸಾರ್" ಎಂದ. ಗೇಟಿನ ಹತ್ತಿರ ಕಸ ಆಯುವ ಹೆಂಗಸೊಬ್ಬರು ನಿಂತಿದ್ದರು, ಕರೆದೆ. ಬಂದವರು ಒಂದು ಬಾಟಲಿ ಎತ್ತಿ, ಅಲ್ಲಾಡಿಸಿ, ಹಾಗೇ ಕೆಳಗಿಟ್ಟರು. ನೀರಿರುವುದು ಬೇಡವಂತೆ. ನೀರಿದ್ದರೆ ತೂಕಕ್ಕೆ ಮೋಸ ಎಂದು ಗುಜರಿಯವನು ಇಡೀ ಮೂಟೆಯನ್ನೇ ವಾಪಸು ತಳ್ಳುತ್ತಾನಂತೆ. ಮುಚ್ಚಳ ಬೇರೆ ಚೀಲಕ್ಕೆ, ಬಾಟಲಿ ಬೇರೆ ಚೀಲಕ್ಕೆ, ಲೇಬಲ್ಲನ್ನು ಯಾರೂ ಕೊಳ್ಳುವುದಿಲ್ಲ. ಸರಿ, ಇಬ್ಬರೂ ಕೂತು ಒಂದೊಂದೇ ಮುಚ್ಚಳ ತಿರುಗಿಸಿ ಬಕೆಟ್ಟಿಗೆ ಸುರಿಯತೊಡಗಿದೆವು. ನೂರಹನ್ನೆರಡು ಬಾಟಲಿ. ಹತ್ತು ಲೀಟರಿನ ಬಕೆಟ್ಟು ಒಮ್ಮೆ ತುಂಬಿ, ಎರಡನೆಯ ಸಲ ಅರ್ಧಕ್ಕೆ ಬಂತು. ಆ ನೂರಹನ್ನೆರಡರಲ್ಲಿ ಮೊದಲು ತುಂಬಿ ಬಂದದ್ದು ಇಪ್ಪತ್ತೆಂಟು ಲೀಟರ್, ಉಳಿದದ್ದು ಹದಿನೈದು. ಅಂದರೆ ಸಭಿಕರು ಕುಡಿದದ್ದಕ್ಕಿಂತ ಬಿಟ್ಟದ್ದೇ ಹೆಚ್ಚು. ನೀರನ್ನು ಗೇಟಿನ ಪಕ್ಕದ ಹೊಂಗೆ ಸಸಿಗೆ ಹಾಕಿದೆವು. ನಾನು ಪೆಚ್ಚಾಗಿ ನಿಂತಿದ್ದನ್ನು ಕಂಡು ಆಕೆಗೆ ಕನಿಕರ ಬಂದಿರಬೇಕು. "ಮದುವೆ ಛತ್ರದಲ್ಲಿ ಇನ್ನೂ ಜಾಸ್ತಿ ಇರುತ್ತೆ ಸಾರ್" ಎಂದರು.

ಹೊರಡುವ ಮುನ್ನ ಹಿತ್ತಲಿನ ಕಡೆ ಕೈ ತೊಳೆಯಲು ಹೋದೆ. ಅಲ್ಲೊಂದು ದೊಡ್ಡ ಸ್ಟೀಲ್ ಫಿಲ್ಟರ್ ಇತ್ತು. ತಿರುಗಿಸಿದರೆ ನೀರೂ ಬಂತು. ಲೋಟ ಕಟ್ಟಿದ್ದ ಸರಪಳಿ ಗೋಡೆಯ ಮೇಲೆ ಜೋತಾಡುತ್ತಿತ್ತು, ಲೋಟ ಇರಲಿಲ್ಲ.

ಈಗ ನಿಮ್ಮ ಕ್ಯಾನಿನ ವಿಚಾರ. ನೀವು ನಮ್ಮ ಸಾಲಿನವರಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ ಒಂದೂವರೆ ಮಿಲಿಗ್ರಾಂ ತನಕ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ನಿಮ್ಮ ಸೀಮೆಯ ಗ್ರಾನೈಟ್ ಬಂಡೆಯಲ್ಲಿ ಬೋರ್‌ವೆಲ್ ಆಳಕ್ಕೆ ಇಳಿದಷ್ಟೂ ಆ ಗೆರೆ ದಾಟುವುದು ಹೆಚ್ಚು. ಕಾಯಿಸಿದರೆ ಹೋಗುವ ವಿಷವಲ್ಲ ಅದು. ಕುದಿಸಿದಷ್ಟೂ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ಹಲ್ಲು ಕಂದುಗಟ್ಟಿದ ಮಕ್ಕಳನ್ನು, ಸೊಂಟ ನೆಟ್ಟಗಾಗದ ಮುದುಕರನ್ನು ತರಗತಿಯಲ್ಲೂ ಊರಿನಲ್ಲೂ ಕಂಡ ನಿಮಗೆ ನಾನು ಇದನ್ನು ಹೇಳಬೇಕಾಗಿಲ್ಲ. ಮೇಲಾಗಿ ನಿಮ್ಮ ಕ್ಯಾನು ಖಾಲಿಯಾದರೆ ಮತ್ತೆ ತುಂಬಿಸಿಕೊಳ್ಳಲು ಹೋಗುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ ಇಪ್ಪತ್ತು ಲೀಟರ್ ಹಿಡಿದರೆ ಲೀಟರಿಗೆ ಬಿದ್ದದ್ದು ನಾಲ್ಕಾಣೆ. ಅದನ್ನು ಪಾಪ ಎನ್ನುವವರು ಮೊದಲು ನಿಮ್ಮ ಬೋರ್‌ವೆಲ್ಲಿನ ನೀರನ್ನು ಒಂದು ವರ್ಷ ಕುಡಿದು ತೋರಿಸಲಿ.

ಒಂದು ಕಿರಿಕಿರಿ ಮಾತ್ರ ಅಲ್ಲೂ ಉಳಿಯುತ್ತದೆ. ಆ ಘಟಕದಲ್ಲಿ ಒತ್ತಡ ಹಾಕಿ ಪೊರೆಯ ಮೂಲಕ ನೀರು ಸೋಸುವ ಆರ್‌ಒ ಯಂತ್ರ ಒಂದು ಕೊಡ ಒಳ್ಳೆಯ ನೀರು ಕೊಡಲು ಹೆಚ್ಚೂಕಡಿಮೆ ಇನ್ನೊಂದು ಕೊಡದಷ್ಟನ್ನು, ಕೆಲವೊಮ್ಮೆ ಅದಕ್ಕೂ ಹೆಚ್ಚಿನದನ್ನು ಹೊರಗೆ ಚೆಲ್ಲುತ್ತದೆ. ತೆಗೆದ ಫ್ಲೋರೈಡ್ ಅಷ್ಟೂ ಆ ಚೆಲ್ಲಿದ ನೀರಿನಲ್ಲಿದೆ. ಅದು ಚರಂಡಿ ಹಿಡಿದು ಎಲ್ಲಿ ಇಂಗುತ್ತದೆ ಎಂದು ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಒಮ್ಮೆ ಕೇಳಿ. ನಿಮ್ಮ ಪತ್ರದ ದನಿಯಲ್ಲೇ ಕೇಳಿದರೆ ಸಾಕು.

ಬೆಂಗಳೂರಿನ ನಮಗೆ ಇಂಥ ನೆಪವಿಲ್ಲ. ನಮ್ಮ ನಲ್ಲಿಗೆ ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಹಂತಹಂತವಾಗಿ ಎತ್ತಿ ತರುತ್ತಾರೆ. ಒಟ್ಟು ಎತ್ತರ ಸುಮಾರು ಅರ್ಧ ಕಿಲೋಮೀಟರ್. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಶುರುವಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚು ತರುವ ವ್ಯವಸ್ಥೆಯಾಯಿತು. ನಾವು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ನಿಮ್ಮ ಜಿಲ್ಲೆಯ ಕೆರೆಗಳಿಗೆ ಪಂಪು ಮಾಡುತ್ತಿದ್ದಾರೆ. ನಿಮಗೆ ನಮ್ಮ ಎರಡನೆಯ ಕೈ ನೀರು, ನಮಗೆ ಮೊದಲ ಕೈಯ ಕಾವೇರಿ. ಅದನ್ನು ಬಿಟ್ಟು ನಾವು ಬಾಟಲಿ ಹಿಡಿದಿದ್ದೇವೆ. 2025ರಲ್ಲಿ ದರ ಏರುವ ತನಕ ಮನೆಬಳಕೆಯ ಮೊದಲ ಎಂಟು ಸಾವಿರ ಲೀಟರಿಗೆ ಜಲಮಂಡಳಿ ಸಾವಿರ ಲೀಟರಿಗೆ ಏಳು ರೂಪಾಯಿಯಂತೆ ಹಾಕುತ್ತಿತ್ತು. ಆಗ ಇಪ್ಪತ್ತು ರೂಪಾಯಿಯ ಒಂದು ಬಾಟಲಿಯ ದುಡ್ಡಿಗೆ ಎರಡು ಸಾವಿರದ ಎಂಟುನೂರಕ್ಕೂ ಹೆಚ್ಚು ಲೀಟರ್ ಕಾವೇರಿ ಬರುತ್ತಿತ್ತು.

ನಲ್ಲಿ ನೀರನ್ನು ತರುವುದಕ್ಕೂ ವಿದ್ಯುತ್ ಸುಡುವುದಿಲ್ಲವೇ ಎಂದು ನಮ್ಮ ಉಪಸಂಪಾದಕರು ವಾದ ಹೂಡಿದರು. ಸುಡುತ್ತದೆ. ಒಂದು ಲೀಟರ್ ನೀರನ್ನು ಅರ್ಧ ಕಿಲೋಮೀಟರ್ ಮೇಲೆತ್ತಲು ಶಾಲೆಯ ಭೌತಶಾಸ್ತ್ರದ ಲೆಕ್ಕದಲ್ಲಿ ಸುಮಾರು 5 ಕಿಲೋಜೂಲ್ ಶಕ್ತಿ ಬೇಕು. ಪಂಪಿನ ನಷ್ಟ, ಕೊಳವೆಯ ಘರ್ಷಣೆ ಎಲ್ಲ ಸೇರಿಸಿ ಹತ್ತು ಎಂದೇ ಹಿಡಿಯೋಣ. ಅಮೆರಿಕದ ನೀರಿನ ಸಂಶೋಧಕರಾದ ಪೀಟರ್ ಗ್ಲೀಕ್ ಮತ್ತು ಹೆದರ್ ಕೂಲಿ 2009ರಲ್ಲಿ ಅಲ್ಲಿನ ಬಾಟಲಿ ನೀರಿನ ಲೆಕ್ಕ ಹಾಕಿದ್ದರು. ಬಾಟಲಿ ಮಾಡುವುದು, ತುಂಬುವುದು, ಸಾಗಿಸುವುದು, ತಂಪು ಮಾಡುವುದು ಸೇರಿ ಲೀಟರಿಗೆ 5,600ರಿಂದ 10,200 ಕಿಲೋಜೂಲ್ ಬಂದಿತ್ತು. ಇಲ್ಲಿನ ಲಾರಿ, ಇಲ್ಲಿನ ದೂರ ಬೇರೆ ಇರಬಹುದು. ಅರ್ಧಕ್ಕರ್ಧ ತಳ್ಳಿಹಾಕಿದರೂ ಇನ್ನೂರೆಂಬತ್ತರಿಂದ ಐನೂರು ಪಟ್ಟಿನ ಅಂತರ ಉಳಿಯುತ್ತದೆ. ಉಪಸಂಪಾದಕರು ಮತ್ತೆ ಮಾತಾಡಲಿಲ್ಲ, ಆದರೆ ಅವರ ಮೇಜಿನ ಮೇಲೆ ಬಾಟಲಿ ಇನ್ನೂ ಇದೆ.

ಇದು ಹೇಗೆ ಶುರುವಾಯಿತು ಎನ್ನುವುದೂ ಸ್ವಾರಸ್ಯವೇ. 1965ರಲ್ಲಿ ಇಟಲಿಯ ಬಿಸ್ಲೇರಿ ಮುಂಬಯಿಗೆ ಬಂದಾಗ ನೀರು ಸಿಗುತ್ತಿದ್ದುದು ಗಾಜಿನ ಸೀಸೆಯಲ್ಲಿ. 1969ರಲ್ಲಿ ಪಾರ್ಲೆಯ ಚೌಹಾಣ್ ಸೋದರರು ಅದನ್ನು ನಾಲ್ಕು ಲಕ್ಷ ರೂಪಾಯಿಗೆ ಕೊಂಡರು. ಇವತ್ತು ನಮ್ಮ ಯಾವ ಪೆಟ್ಟಿಗೆ ಅಂಗಡಿಯಲ್ಲಾದರೂ "ಒಂದು ಬಿಸ್ಲೇರಿ ಕೊಡಿ" ಎಂದರೆ ಅಂಗಡಿಯವನು ಯಾವುದೋ ಹೆಸರಿನ ಬಾಟಲಿ ಕೊಡುತ್ತಾನೆ, ನಾವು ಓದದೆ ಕುಡಿಯುತ್ತೇವೆ. ಬಸ್ ಹೊರಡುವ ಆತುರದಲ್ಲಿ ಕೊಂಡು, ಆಮೇಲೆ ನೋಡಿದರೆ ಅದೇ ಹಸಿರು, ಅದೇ ಅಕ್ಷರ, ನಡುವೆ ಒಂದು ಅಕ್ಷರ ಮಾತ್ರ ಅದಲುಬದಲು.

ಶುದ್ಧವಾಗಿರುತ್ತದೆ ಎಂದು ಕೊಳ್ಳುತ್ತೇವೆ. 2003ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಬಾಟಲಿ ನೀರಿನಲ್ಲಿ ಕೀಟನಾಶಕದ ಅಂಶ ತೋರಿಸಿ ದೇಶವನ್ನೇ ಬೆಚ್ಚಿಬೀಳಿಸಿತ್ತು, ನಿಯಮಗಳು ಬಿಗಿಯಾದವು. 2024ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಮೆರಿಕದ ಅಂಗಡಿಗಳ ಬಾಟಲಿ ನೀರಿನಲ್ಲಿ ಲೀಟರಿಗೆ ಸರಾಸರಿ 2,40,000 ಪ್ಲಾಸ್ಟಿಕ್ ಕಣ ಎಣಿಸಿದರು, ಹೆಚ್ಚಿನವು ಕಣ್ಣಿಗಿರಲಿ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣವು. ಅವು ಮೈಗೆ ಏನು ಮಾಡುತ್ತವೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ, ಹೆದರಿಸುವುದು ನನ್ನ ಉದ್ದೇಶವೂ ಅಲ್ಲ. ಅದೇ ವರ್ಷದ ಕೊನೆಗೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಪ್ಯಾಕ್ ಮಾಡಿದ ಕುಡಿಯುವ ನೀರನ್ನು ಹೆಚ್ಚು ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿ, ವರ್ಷವರ್ಷವೂ ತಪಾಸಣೆ ಕಡ್ಡಾಯ ಮಾಡಿತು.

ಮರುಬಳಕೆ ಆಗುತ್ತದಲ್ಲ ಎನ್ನುವವರಿಗೆ ನನ್ನ ಉತ್ತರ ಆ ಗೇಟಿನ ಬಳಿಯ ಹೆಂಗಸು. ಹೌದು, ಪೆಟ್ ಎಂಬ ಪ್ಲಾಸ್ಟಿಕ್ಕಿನ ಈ ಬಾಟಲಿಗೆ ಗುಜರಿಯಲ್ಲಿ ಬೆಲೆ ಇದೆ, ಅದಕ್ಕೇ ನಮ್ಮ ದೇಶದಲ್ಲಿ ಬಹುಪಾಲು ಬಾಟಲಿಗಳು ಯಾರದೋ ಚೀಲ ಸೇರುತ್ತವೆ. ಆದರೆ ಅವು ಬಹುತೇಕ ಮತ್ತೆ ಬಾಟಲಿಯಾಗುವುದಿಲ್ಲ, ಪಾಲಿಯೆಸ್ಟರ್ ನೂಲಾಗಿ ಅಂಗಿಯೋ ಕಾರ್ಪೆಟ್ಟೋ ಆಗಿ ಮುಗಿಯುತ್ತವೆ. ಮುಂದಿನ ಬಾಟಲಿಗೆ ಬಹುಪಾಲು ಹೊಸ ಪ್ಲಾಸ್ಟಿಕ್ಕೇ ಬೇಕು. ಕಂಪನಿಗಳು ಮರುಬಳಕೆಯ ಅಂಕಿ ಹೇಳಿಕೊಂಡು ಮೀಸೆ ತಿರುವುವಾಗ ಕೂತು ಮುಚ್ಚಳ ತಿರುಗಿಸಿದವರು ಯಾರು ಎಂದು ಮಾತ್ರ ಹೇಳುವುದಿಲ್ಲ.

ನೀರನ್ನು ಮಾರುವುದು ಪಾಪ ಎಂದಿರಲ್ಲ, ಹಾಗಾದರೆ ನೀರು ಯಾರದು ಎನ್ನುವ ಪ್ರಶ್ನೆಗೆ ಹತ್ತಿರದ ಸಾಕ್ಷಿ ಕೇರಳದ ಪ್ಲಾಚಿಮಡ. ಅಲ್ಲಿ 2000ದಲ್ಲಿ ಶುರುವಾದ ಕೋಕಾಕೋಲಾ ಕಾರ್ಖಾನೆಯಿಂದ ಬಾವಿಗಳು ಬತ್ತಿದವು, ಕೆಟ್ಟವು ಎಂದು ಮಯಿಲಮ್ಮನಂಥ ಆದಿವಾಸಿ ಹೆಂಗಸರು 2002ರಲ್ಲಿ ಗೇಟಿನ ಮುಂದೆ ಕೂತರು. ನೆಲದಡಿಯ ನೀರು ಜನರದು, ಸರ್ಕಾರ ಅದರ ಧರ್ಮದರ್ಶಿ ಮಾತ್ರ ಎಂದು 2003ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. 2004ರಲ್ಲಿ ಕಾರ್ಖಾನೆ ನಿಂತಿತು. ಊರಿನವರಿಗಾದ ನಷ್ಟ 216 ಕೋಟಿ ರೂಪಾಯಿ ಎಂದು 2010ರಲ್ಲಿ ಸರ್ಕಾರದ ಸಮಿತಿ ಅಂದಾಜು ಮಾಡಿತು. ಪರಿಹಾರಕ್ಕಾಗಿ ವಿಧಾನಸಭೆ ಒಪ್ಪಿದ ಮಸೂದೆ ರಾಷ್ಟ್ರಪತಿಗಳ ಅಂಕಿತ ಸಿಗದೆ ವಾಪಸು ಬಂತು.

ನನ್ನ ತಪ್ಪು ಬಾಟಲಿ ಕೊಂಡದ್ದಕ್ಕಿಂತ ಹಿಂದಿನದು. ಹತ್ತು ಹನ್ನೆರಡು ವರ್ಷದ ಕೆಳಗೆ ನಮ್ಮ ಬೀದಿಯ ನಲ್ಲಿಯಲ್ಲಿ ಮಣ್ಣುನೀರು ಬಂದಾಗ ನಾನು ವಾರಕ್ಕೊಮ್ಮೆ ದೂರು ಬರೆಯುತ್ತಿದ್ದೆ. ಎಂಜಿನಿಯರ್ ಬೈದುಕೊಂಡೇ ಬಂದು ಕೊಳವೆ ಸರಿ ಮಾಡಿಸಿ ಹೋಗುತ್ತಿದ್ದರು. ಮನೆಗೆ ಕ್ಯಾನು ಹಾಕಿಸಿಕೊಂಡೆ, ದೂರು ನಿಂತಿತು. ನಮ್ಮ ಬೀದಿಯಲ್ಲಿ ಅರ್ಜಿ ಬರೆಯಬಲ್ಲವರೆಲ್ಲ ಒಬ್ಬೊಬ್ಬರಾಗಿ ಕ್ಯಾನಿಗೆ ಹೋದರು. ಈಗ ಆ ನಲ್ಲಿಯ ನೀರನ್ನೇ ಕುಡಿಯುವವರು ಕಟ್ಟಡ ಕೆಲಸದವರು, ಮನೆಗೆಲಸದ ಹೆಂಗಸರು. ಅವರ ಫೋನಿಗೆ ಆ ಎಂಜಿನಿಯರ್ ಬೈಯಲೂ ಬರುವುದಿಲ್ಲ.

ಇನ್ನು ಅರವಟ್ಟಿಗೆ. ಇಲ್ಲಿ ನಿಮ್ಮೊಡನೆ ಸ್ವಲ್ಪ ಜಗಳವಿದೆ. ಅರವಟ್ಟಿಗೆಗೆ ದತ್ತಿ ಬಿಟ್ಟದ್ದು ನಮ್ಮ ಶಾಸನಗಳಲ್ಲೂ ಇದೆ, ಹೆಮ್ಮೆಯ ಸಂಗತಿಯೇ. ಈ ಉತ್ತರದ ಕರಡನ್ನು ನನ್ನ ಹಳೆಯ ಸ್ನೇಹಿತರೊಬ್ಬರಿಗೆ ಓದಿ ಹೇಳಿದೆ. ಅವರು ದಲಿತರು, ನನಗಿಂತ ಹಿರಿಯರು. ಅರವಟ್ಟಿಗೆ ಎಂದ ಕೂಡಲೇ ಎರಡು ಕೈ ಜೋಡಿಸಿ, ಬೊಗಸೆ ಮಾಡಿ, ಮೊಣಕಾಲ ಮಟ್ಟಕ್ಕೆ ಬಗ್ಗಿ ನಿಂತು ತೋರಿಸಿದರು. "ನಿಮಗೆ ಲೋಟದಲ್ಲಿ ಕೊಟ್ಟರು. ನನಗೆ ಹೀಗೆ ಮೇಲಿನಿಂದ ಸುರಿದರು. ಅರ್ಧ ಅಂಗಿಯ ಮೇಲೇ ಹೋಗುತ್ತಿತ್ತು" ಎಂದರು. ಹೋಟೆಲಿನಲ್ಲಿ ಅವರಿಗೆ ಬೇರೆ ಲೋಟ, ಅದನ್ನು ಅವರೇ ತೊಳೆದಿಡಬೇಕಿತ್ತು. ದಲಿತರನ್ನು ಹತ್ತಿರ ಬಿಡದಿದ್ದ ಮಹಾರಾಷ್ಟ್ರದ ಮಹಾಡಿನ ಕೆರೆಯಲ್ಲಿ ಅಂಬೇಡ್ಕರ್ ನೀರು ಮುಟ್ಟಿದ್ದು 1927ರಲ್ಲಿ. ಇವರು ಹೇಳಿದ್ದು ಅದಾಗಿ ನಲವತ್ತು ವರ್ಷದ ಮೇಲಿನ ಮಾತು. ಮೊದಲ ಸಲ ಬಸ್ ನಿಲ್ದಾಣದಲ್ಲಿ ಸೀಲು ಒಡೆದು ಬಾಟಲಿ ನೀರು ಕುಡಿದ ದಿನ ಅವರಿಗೆ ನೆನಪಿದೆಯಂತೆ. ದುಡ್ಡು ಕೊಟ್ಟರೆ ಅಂಗಡಿಯವನು ಮುಖ ನೋಡದೆ ಕೈಗೇ ಕೊಟ್ಟ.

ಇದಕ್ಕೆ ನನ್ನಲ್ಲಿ ಎದುರುತ್ತರ ಇರಲಿಲ್ಲ, ಈಗಲೂ ಇಲ್ಲ. ಪ್ಲಾಸ್ಟಿಕ್ಕಿನ ಲೆಕ್ಕವನ್ನೆಲ್ಲ ಅವರು ಒಪ್ಪುತ್ತಾರೆ. ಆದರೆ ಬಾಟಲಿ ತೆಗೆದು ಆ ಜಾಗದಲ್ಲಿ ಲೋಟ ಇಡುತ್ತೀರಲ್ಲ, ಆ ಲೋಟ ಒಂದೇ ತರಹದ್ದೋ, ಅದನ್ನು ತೊಳೆಯುವವರು ಯಾರು ಎಂದು ಕೇಳಿದರು. ನೀಲಗಿರಿಯಲ್ಲಿ 2019ರಿಂದ ನೀರಿನ ಬಾಟಲಿಗೆ ನಿಷೇಧವಿದೆ. ಬಂಡೀಪುರ ದಾಟಿ ಹೋಗುವ ನಮ್ಮ ಕಾರುಗಳನ್ನು ಕಕ್ಕನಹಳ್ಳ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿ ಬಾಟಲಿ ಇಳಿಸಿಕೊಳ್ಳುತ್ತಾರೆ, ಮುಂದೆ ದಾರಿಯಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಯಂತ್ರಗಳಿವೆ. ಯಂತ್ರಕ್ಕೆ ಜಾತಿ ಕೇಳಲು ಬರುವುದಿಲ್ಲ ಎಂದು ನನ್ನ ಸ್ನೇಹಿತರಿಗೆ ಆ ಏರ್ಪಾಡು ಇಷ್ಟ. ಸಾಹಿತ್ಯ ಸಭೆಗಳ ಬಗ್ಗೆ ಅವರಿಗೆ ಅಷ್ಟು ಭರವಸೆಯಿಲ್ಲ.

ನಮ್ಮ ಮುಂದಿನ ಕಾರ್ಯಕ್ರಮ ದೀಪಾವಳಿ ಸಂಚಿಕೆಯ ಬಿಡುಗಡೆ, ಅದೇ ಸಭಾಂಗಣದಲ್ಲಿ. ಹಿತ್ತಲಿನ ಫಿಲ್ಟರಿನ ನೀರನ್ನು ಪರೀಕ್ಷೆಗೆ ಕಳಿಸಿದ್ದೇವೆ, ವರದಿಯನ್ನು ಬಾಗಿಲಲ್ಲೇ ಅಂಟಿಸುತ್ತೇವೆ. ಇನ್ನೂರು ಸ್ಟೀಲ್ ಲೋಟ ಬಾಡಿಗೆಗೆ ಹೇಳಿಯಾಗಿದೆ, ವೇದಿಕೆಗೂ ಸಭೆಗೂ ಅದೇ ಲೋಟ. ಬಾಡಿಗೆಯವರು ತೊಳೆಯಲು ಇಬ್ಬರು ಹೆಂಗಸರನ್ನು ಕಳಿಸುತ್ತೇವೆ ಎಂದರು, ಬೇಡ ಎಂದಿದ್ದೇನೆ. ತೊಳೆಯುವ ಸರದಿಯ ಪಟ್ಟಿ ಕಚೇರಿಯ ಗೋಡೆಯ ಮೇಲಿದೆ. ಮೊದಲ ಹೆಸರು ನನ್ನದು, ಎರಡನೆಯದು ಆ ಮೇಜಿನ ಮೇಲೆ ಬಾಟಲಿ ಇಟ್ಟುಕೊಂಡಿರುವ ಉಪಸಂಪಾದಕರದು. ಅಂದಿನ ಮುಖ್ಯ ಅತಿಥಿಗಳನ್ನೂ ಕೇಳಿದೆ, ನೋಡೋಣ ಎಂದಿದ್ದಾರೆ. ನಾಲ್ಕನೆಯ ಜಾಗ ಖಾಲಿ ಬಿಟ್ಟಿದ್ದೇನೆ ಮೇಡಂ. ಬರುವುದಾದರೆ ಒಂದು ಕಾರ್ಡು ಹಾಕಿ. ಬಸ್ ಹತ್ತುವಾಗ ಮನೆಯಿಂದಲೇ ನೀರು ತುಂಬಿಕೊಳ್ಳಿ, ಇಲ್ಲಿನ ಬಸ್ ನಿಲ್ದಾಣದ ನಲ್ಲಿ ಕೆಟ್ಟಿದೆ. ಈ ಸಲ ಅದಕ್ಕೆ ದೂರು ಬರೆದಿದ್ದೇನೆ, ಉತ್ತರ ಬಂದಿಲ್ಲ.