ಓದುಗರ ಪ್ರಶ್ನೆ: ಬೆನ್ನ ಹಿಂದಿನ ವಾಲ್ವ್‌ಗೆ ಕೈ ಎಟುಕದಿದ್ದರೆ

ಪ್ರಶ್ನೆ: ನೇತ್ರಾಣಿಯಲ್ಲಿ ಸಾಮಾನ್ಯ ಸ್ಕೂಬಾ ಡೈವಿಂಗ್ ಕಲಿತು, ಈಚೆಗೆ ಸಾಮಾನ್ಯ ಮಿತಿ ಮೀರಿ ಇಳಿಯುವ ಟೆಕ್ನಿಕಲ್ ಡೈವಿಂಗ್‌ನ ಮೊದಲ ಕೋರ್ಸ್ ಮುಗಿಸಿದ್ದೇನೆ. ಜೋಡಿ ಸಿಲಿಂಡರ್ ಹೊತ್ತು ಈಜುಕೊಳದಲ್ಲಿ ಅಭ್ಯಾಸ ಮಾಡುವಾಗ ಬಲಗೈ ವಾಲ್ವ್‌ಗೆ ಎಟುಕುವುದಿಲ್ಲ. ಪ್ರಯತ್ನಪಟ್ಟರೆ ಕಾಲುಗಳು ಕೆಳಕ್ಕೆ ಇಳಿಯುತ್ತವೆ. ಭುಜದ ವ್ಯಾಯಾಮ ಮಾಡಬೇಕೇ? ಹಿರಿಯ ಡೈವರ್ ಒಬ್ಬರು ಮಾರ್ಗದರ್ಶನಕ್ಕೆ ಒಪ್ಪಿದ್ದಾರೆ. ಅವರೊಡನೆ ಎಲ್ಲಿಂದ ಆರಂಭಿಸಲಿ?
— ಓದುಗರೊಬ್ಬರು, ಹಾಸನ

ಉತ್ತರ: ಭುಜವನ್ನು ದೂರುವ ಮೊದಲು ಹಾರ್ನೆಸ್ ನೋಡಿ. ಕಾಫಿ ತೋಟದಲ್ಲಿ ಔಷಧಿ ಸಿಂಪಡಿಸುವ ಕ್ಯಾನನ್ನು ಬೆನ್ನಿಗೇರಿಸಿದವರಿಗೆ ಪಟ್ಟಿ ಒಂದಂಗುಲ ಹೆಚ್ಚುಕಡಿಮೆಯಾದರೆ ಏನಾಗುತ್ತದೆಂದು ಗೊತ್ತಿರುತ್ತದೆ. ಜೋಡಿ ಸಿಲಿಂಡರಿನ ಮಾತೂ ಅದೇ. ವಾಲ್ವ್ ಎಟುಕುತ್ತಿಲ್ಲವೆಂದು ಹೆಚ್ಚಿನವರು ಭುಜಪಟ್ಟಿಯನ್ನು ಇನ್ನಷ್ಟು ಬಿಗಿಯುತ್ತಾರೆ. ಅದರಿಂದ ತೋಳು ಮೇಲೇಳುವ ಜಾಗವೇ ಮುಚ್ಚಿಹೋಗುತ್ತದೆ. ಪಟ್ಟಿಯೊಳಗೆ ಅಂಗೈ ಸರಾಗವಾಗಿ ತೂರುವಷ್ಟು ಸಡಿಲವಿರಲಿ. ಸಿಲಿಂಡರು ಬೆನ್ನ ಮೇಲೆ ಅಲುಗಾಡದಂತೆ ಹಿಡಿಯುವ ಕೆಲಸವನ್ನು ಸೊಂಟದ ಪಟ್ಟಿಗೂ ತೊಡೆಸಂದಿನ ಪಟ್ಟಿಗೂ ಬಿಡಿ.

ಮುಂದಿನದು ಸಿಲಿಂಡರಿನ ಎತ್ತರ. ಎರಡೂ ಸಿಲಿಂಡರುಗಳನ್ನು ಬಂಧಿಸುವ ಉಕ್ಕಿನ ಬ್ಯಾಂಡುಗಳನ್ನು ಸ್ವಲ್ಪ ಕೆಳಗೆ ಸರಿಸಿ ಕೂರಿಸಿದರೆ ಸಿಲಿಂಡರು ತಲೆಯ ಕಡೆಗೆ ಏರುತ್ತದೆ, ವಾಲ್ವ್ ಕೈಗೆ ಹತ್ತಿರವಾಗುತ್ತದೆ; ಭಾರವೂ ತಲೆಯತ್ತ ಸರಿಯುವುದರಿಂದ ಇಳಿಯುತ್ತಿದ್ದ ಕಾಲುಗಳು ಮಟ್ಟಕ್ಕೆ ಬರುತ್ತವೆ. ನಿಮ್ಮ ಎರಡು ತೊಂದರೆಗಳಿಗೂ ಮೂಲ ಒಂದೇ ಇರಬಹುದೆಂದು ನನಗನ್ನಿಸುವುದು ಇದಕ್ಕೇ. ಆದರೆ ಅತಿಯಾಗಿ ಏರಿಸಬೇಡಿ. ತಲೆಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿದಾಗಷ್ಟೇ ಎರಡು ಸಿಲಿಂಡರುಗಳನ್ನು ಮೇಲ್ಗಡೆ ಜೋಡಿಸುವ ಅಡ್ಡಕೊಳವೆ, ಅಂದರೆ ಮ್ಯಾನಿಫೋಲ್ಡ್, ತಾಗುವಂತಿರಲಿ. ಬ್ಯಾಂಡ್ ಸರಿಸುವ ಕೆಲಸವನ್ನು ನೆಲದ ಮೇಲೆಯೇ, ನಿಮ್ಮ ಮಾರ್ಗದರ್ಶಕರ ಕಣ್ಣೆದುರಿಗೆ, ನೀರಿನಲ್ಲಿ ತೊಡುವ ಅದೇ ಸೂಟ್ ತೊಟ್ಟು ಮಾಡಿ. ಟೀ ಶರ್ಟಿನಲ್ಲಿ ಎಟುಕಿದ ವಾಲ್ವ್ ದಪ್ಪ ವೆಟ್‌ಸೂಟಿನ ತೋಳಿನಲ್ಲಿ ಎಟುಕದಿರಬಹುದು.

ಅಭ್ಯಾಸಕ್ಕೆ ಬರುವುದಾದರೆ, ವಾಲ್ವ್‌ಗಳನ್ನು ಒಂದೊಂದಾಗಿ ಮುಚ್ಚಿ ತೆರೆಯುವ ಈ ವಾಲ್ವ್ ಡ್ರಿಲ್ ಏಕೆ ಬೇಕೆಂಬುದು ಮನಸ್ಸಿನಲ್ಲಿ ಸ್ಪಷ್ಟವಿರಬೇಕು. ಸಾಮಾನ್ಯ ಜೋಡಣೆಯಲ್ಲಿ ಬಲ ವಾಲ್ವ್‌ನಿಂದ ಉದ್ದ ಹೋಸಿನ ಮುಖ್ಯ ರೆಗ್ಯುಲೇಟರೂ (ಬಾಯಿಗಿಟ್ಟು ಉಸಿರಾಡುವ ಸಾಧನ) ಬೆನ್ನ ಮೇಲಿನ ತೇಲುಚೀಲವಾದ ವಿಂಗ್‌ಗೆ ಗಾಳಿ ತುಂಬುವ ಹೋಸೂ ಹೊರಡುತ್ತವೆ; ಕೊರಳಲ್ಲಿ ತೂಗುವ ಬದಲಿ ರೆಗ್ಯುಲೇಟರೂ ಒತ್ತಡಮಾಪಕವೂ ಎಡ ವಾಲ್ವ್‌ನವು; ನಡುವಿನ ಐಸೊಲೇಟರ್ ಎರಡು ಸಿಲಿಂಡರುಗಳನ್ನು ಬೇರ್ಪಡಿಸುತ್ತದೆ. ಮೈಯಲ್ಲಿ ಕರಗಿದ ಅನಿಲ ಹೊರಹೋಗಲೆಂದು ಮೇಲೇರುವಾಗ ನಡುವೆ ತಂಗುವ ಡಿಕಂಪ್ರೆಷನ್ ನಿಲುಗಡೆ ಬಾಕಿಯಿರುವಾಗ ನೇರವಾಗಿ ಮೇಲೆ ಬರುವಂತಿಲ್ಲವಾದ್ದರಿಂದ, ಸೋರುತ್ತಿರುವ ಕಡೆಯನ್ನು ಕೈಯಾರೆ ಮುಚ್ಚಿ ಉಳಿದ ಗಾಳಿಯನ್ನು ಕಾಪಾಡಿಕೊಳ್ಳಬೇಕಾಗುತ್ತದೆ. ಮೊದಲು ಬದಲಿ ರೆಗ್ಯುಲೇಟರಿನಿಂದ ಉಸಿರಾಡಿ ಪರೀಕ್ಷಿಸಿ. ನಂತರ ಮುಖ್ಯ ರೆಗ್ಯುಲೇಟರಿನಿಂದ ಉಸಿರಾಡುತ್ತಲೇ ಬಲ ವಾಲ್ವ್ ಮುಚ್ಚಿ. ಮೊಣಕೈ ಪಕ್ಕಕ್ಕೆ ಚಾಚದೆ ಕಿವಿಯ ಹತ್ತಿರ ಮುಂದಕ್ಕೆ ಬರಲಿ. ಬೆರಳಿಗೆ ಗುಂಡಿ ಸಿಕ್ಕಾಗ ಅವಸರವಿಲ್ಲದೆ ತಿರುಗಿಸಿ. ಉಸಿರು ಬಿಗಿಯಾದಾಗ ಬದಲಿಯನ್ನು ಬಾಯಿಗಿಟ್ಟು, ವಾಲ್ವ್ ತೆರೆದು, ಮುಖ್ಯ ರೆಗ್ಯುಲೇಟರಿಗೆ ಮರಳಿ. ಐಸೊಲೇಟರ್ ಮತ್ತು ಎಡ ವಾಲ್ವ್ ಮುಗಿದ ಮೇಲೆ ಮೂರೂ ಪೂರ್ತಿ ತೆರೆದಿವೆಯೇ ಎಂದು ಮತ್ತೊಮ್ಮೆ ಮುಟ್ಟಿ ನೋಡುವುದನ್ನು ಎಂದಿಗೂ ಬಿಡಬೇಡಿ.

ಇದನ್ನೆಲ್ಲ ಕೊಳದ ತಳದಲ್ಲಿ ಮಂಡಿಯೂರಿ ಮಾಡಿದರೆ ಹೆಚ್ಚು ಪ್ರಯೋಜನವಿಲ್ಲ. ತೇಲುತ್ತ, ಮಂಡಿ ಮಡಿಸಿ, ಮೈಯನ್ನು ಅಡ್ಡಲಾಗಿ ಇರಿಸಿಕೊಂಡೇ ಮಾಡಬೇಕು. ತೂಕವನ್ನೂ ಇದೇ ಹಂತದಲ್ಲಿ ಹೊಂದಿಸಿಕೊಳ್ಳಿ. 12 ಲೀಟರಿನ ಎರಡು ಸಿಲಿಂಡರುಗಳಲ್ಲಿ 200 ಬಾರ್ ಒತ್ತಡದಲ್ಲಿ ಸುಮಾರು 4,800 ಲೀಟರ್ ಗಾಳಿ ಇರುತ್ತದೆ, ಅದರ ತೂಕವೇ 5 ಕಿಲೋಗಿಂತ ಹೆಚ್ಚು. ಆದ್ದರಿಂದ ಸಿಲಿಂಡರು ಬಹುತೇಕ ಖಾಲಿಯಾಗಿ, ವಿಂಗ್‌ನಲ್ಲಿ ಗಾಳಿಯಿಲ್ಲದಿರುವಾಗಲೂ ಕೊನೆಯ ನಿಲುಗಡೆಯಲ್ಲಿ ಮೇಲಕ್ಕೆ ತೇಲಿಹೋಗದೆ ನಿಲ್ಲುವಂತಿರಬೇಕು. ಆಳವಿಲ್ಲದ ಕೊಳವೆಂದು ಉಸಿರು ಹಿಡಿಯಬೇಡಿ, ಸುಮಾರು 1 ಮೀಟರ್ ಮೇಲೇರುವಾಗಲೂ ಶ್ವಾಸಕೋಶಕ್ಕೆ ಗಾಯವಾಗಬಲ್ಲದು.

ಮಾರ್ಗದರ್ಶಕರು ಸಿಕ್ಕಿರುವುದು ನಿಮ್ಮ ಭಾಗ್ಯ. ನಿಮ್ಮ ಬೆನ್ನು ನಿಮಗೆ ಕಾಣದು, ಅವರಿಗೆ ಕಾಣುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ಪಕ್ಕದಿಂದ ವಿಡಿಯೊ ತೆಗೆಸಿ. ಡ್ರಿಲ್ ನಡೆಯುವಾಗ ಅವರು ಕೈಯಳತೆಯಲ್ಲಿ ನಿಮ್ಮೆದುರಿಗೇ ಇರಬೇಕು. ಕಲಿತದ್ದನ್ನು ತಿದ್ದಿ ಹದಗೊಳಿಸುವುದು ಅವರಿಂದ ಆಗಲಿ; ಹೊಸ ಆಳಕ್ಕೋ ಹೀಲಿಯಂ ಬೆರೆಸಿದ ಟ್ರೈಮಿಕ್ಸ್‌ಗೋ ಹೋಗುವುದಾದರೆ ಅದಕ್ಕೆ ಮಾನ್ಯತೆ ಪಡೆದ ಬೋಧಕರೇ ಬೇಕು.

ಪ್ರಶ್ನೆ: ಈಜುಕೊಳದ ಬದಲು ಹೇಮಾವತಿ ಹಿನ್ನೀರಿನಲ್ಲಿ, ಶೆಟ್ಟಿಹಳ್ಳಿ ಚರ್ಚ್ ಮುಳುಗಿರುವಾಗ ಅಭ್ಯಾಸ ಮಾಡಬಹುದೇ?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ದಯವಿಟ್ಟು ಬೇಡ. ಮಳೆಗಾಲದ ಕೆಸರು ನೀರಿನಲ್ಲಿ ಮಾರ್ಗದರ್ಶಕರಿಗೆ ನಿಮ್ಮ ಕೈಸನ್ನೆಯೇ ಕಾಣದಿದ್ದರೆ ಅಭ್ಯಾಸದ ಉದ್ದೇಶವೇ ಹಾಳಾಗುತ್ತದೆ. ಶಿಥಿಲವಾದ ಗೋಡೆಗಳು, ಮೀನಿನ ಬಲೆಗಳು ಇರುವಲ್ಲಿ ಸಿಕ್ಕಿಬೀಳುವ ಅಪಾಯ ಬೇರೆ. ಅನುಮತಿಯ ಪ್ರಶ್ನೆಯಂತೂ ಇದ್ದೇ ಇದೆ.

ಪ್ರಶ್ನೆ: ಮುರ್ಡೇಶ್ವರದಲ್ಲಿ ಡೈವಿಂಗ್ ಮುಗಿಸಿ ಅದೇ ಸಂಜೆ ಕಾರಿನಲ್ಲಿ ಘಾಟಿ ಹತ್ತಿ ಊರಿಗೆ ಬರುತ್ತೇವೆ. ವಿಮಾನ ಹತ್ತಬಾರದೆಂದು ಕೇಳಿದ್ದೇವೆ, ಕಾರಿಗೂ ಆ ನಿಯಮವಿದೆಯೇ?
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಇದೆ, ನಮ್ಮ ಮಲೆನಾಡಿನ ಡೈವರುಗಳು ಬಹಳಷ್ಟು ಸಲ ಮರೆಯುವುದೂ ಇದನ್ನೇ. ಶರೀರದಲ್ಲಿ ಕರಗಿ ಉಳಿದ ನೈಟ್ರೋಜನ್‌ಗೆ ನೀವು ಏರಿದ್ದು ವಿಮಾನದಲ್ಲೋ ಚಾರ್ಮಾಡಿ ಘಾಟಿಯಲ್ಲೋ ಎಂಬ ಭೇದವಿಲ್ಲ. ಸುತ್ತಲಿನ ಒತ್ತಡ ತಗ್ಗಿದರೆ ಅದು ಗುಳ್ಳೆಗಟ್ಟಬಹುದು. ಡೈವಿಂಗ್ ನಂತರದ ವಿಮಾನಯಾನಕ್ಕೆ ಡೈವರುಗಳ ಸುರಕ್ಷತಾ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ನೀಡಿರುವ ಸಲಹೆ ಸುಮಾರು 600ರಿಂದ 2,400 ಮೀಟರ್ ಎತ್ತರಕ್ಕೆ ಸಮನಾದ ಒತ್ತಡಕ್ಕೆ ಅನ್ವಯಿಸುತ್ತದೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ 1,000 ಮೀಟರಿಗಿಂತ ಮೇಲಿದೆ, ಹಾಸನ 900 ದಾಟಿದೆ. ಆ ಸಲಹೆಯಂತೆ ನಿಲುಗಡೆ ಬೇಡದ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನಗಳಾದರೆ ಕನಿಷ್ಠ 18 ಗಂಟೆ, ಡಿಕಂಪ್ರೆಷನ್ ಡೈವ್ ಆದರೆ 18ಕ್ಕಿಂತ ಸಾಕಷ್ಟು ಹೆಚ್ಚು ಕಾಯಬೇಕು. ಕರಾವಳಿಯಲ್ಲೇ ರಾತ್ರಿ ತಂಗಿ, ಮರುದಿನ ಈ ಅವಧಿ ಮುಗಿದ ಮೇಲೆ ಹೊರಡಿ. ದಾರಿಯಲ್ಲಾಗಲಿ ಮನೆ ಸೇರಿದ ಮೇಲಾಗಲಿ ಕೀಲುನೋವು, ಜೋಮು, ತಲೆಸುತ್ತು ಕಾಣಿಸಿಕೊಂಡರೆ ಆಯಾಸವೆಂದು ಮಲಗಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ, ಡೈವಿಂಗ್ ಮಾಡಿದ್ದನ್ನು ವೈದ್ಯರಿಗೆ ಮೊದಲೇ ತಿಳಿಸಿ ಆಮ್ಲಜನಕ ಕೇಳಿ.